ಕನ್ನಡ ಪ್ರೇಮ ಚಿತ್ರಗಳಲ್ಲಿ ಸ್ತ್ರೀ ಪಾತ್ರ

ಕನ್ನಡ ಪ್ರೇಮ ಚಿತ್ರಗಳಲ್ಲಿ ಸ್ತ್ರೀ ಪಾತ್ರದ ಚಿತ್ರಣವು ಕಾಲದಿಂದ ಕಾಲಕ್ಕೆ ಬದಲಾಗುತ್ತ ಬಂದಿದೆ. ನಾಯಕಿಗೆ ಪ್ರೀತಿಸುವ ಅವಕಾಶವನ್ನು ಈ ಚಿತ್ರಗಳು ನೀಡಿದರೂ, ಆ ಪ್ರೀತಿಯ ಗತಿಯನ್ನು ನಿರ್ಧರಿಸುವ ಅಧಿಕಾರ ಬಹುಕಾಲ ಮನೆಯವರು, ಗುರು, ಗಂಡ ಅಥವಾ ಪ್ರಿಯಕರನ ಕೈಯಲ್ಲಿಯೇ ಉಳಿದಿತ್ತು. ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಗಡಿ ಪ್ರದೇಶಕ್ಕೂ ಈ ಚಿತ್ರಗಳಿಗೂ ನಂಟಿದೆ.

ಜನಪದ ಹಿನ್ನೆಲೆ

ಸಿನಿಮಾಕ್ಕೆ ಬಹು ಮೊದಲೇ ಈ ಪ್ರದೇಶದ ಜನಪದ ಕಾವ್ಯವು ಹೆಣ್ಣಿನ ಮನಸ್ಸಿನ ಪ್ರಶ್ನೆಯನ್ನು ಎತ್ತಿತ್ತು. ಕಂಸಾಳೆಯವರು ಹಾಡುವ ಮಲೆ ಮಹದೇಶ್ವರ ಕಾವ್ಯದ ‘ಸಂಕಮ್ಮನ ಸಾಲು’ ಇದಕ್ಕೆ ನಿದರ್ಶನ. ಕಾಡಿಗೆ ಹೊರಡುವ ನೀಲಯ್ಯ ತನ್ನ ಹೆಂಡತಿಯಿಂದ ಶೀಲದ ಭಾಷೆಯನ್ನು ಕೇಳುತ್ತಾನೆ. ಸಂಕಮ್ಮ ಭಾಷೆ ಕೊಡಲು ಒಪ್ಪದೆ ಹಿಂಸೆಗೆ ಗುರಿಯಾಗುತ್ತಾಳೆ. ಮಾದಪ್ಪನು ಅವಳನ್ನು ಕಾಪಾಡುತ್ತಾನೆ.

ಪುಟ್ಟಣ್ಣ ಕಣಗಾಲ್ ಅವರ ಚಿತ್ರಗಳು

ಕಾದಂಬರಿ ಆಧಾರಿತ ಚಿತ್ರಗಳ ಮೂಲಕ ಸ್ತ್ರೀಯ ಅಂತರಂಗವನ್ನು ತೆರೆಗೆ ತಂದವರಲ್ಲಿ ಪುಟ್ಟಣ್ಣ ಕಣಗಾಲ್ ಪ್ರಮುಖರು. ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿದ ‘ಗೆಜ್ಜೆಪೂಜೆ’ (1969) ಚಿತ್ರದಲ್ಲಿ ಚಂದ್ರಾಳ ಪ್ರೀತಿಗೆ ಅವಳ ಹುಟ್ಟೇ ಅಡ್ಡಿಯಾಗುತ್ತದೆ. ಕೊನೆಗೆ ಅವಳು ಪ್ರಾಣ ಕಳೆದುಕೊಳ್ಳುತ್ತಾಳೆ. ತ್ರಿವೇಣಿಯವರ ಕಾದಂಬರಿಯಿಂದ ಬಂದ ‘ಶರಪಂಜರ’ (1971) ಚಿತ್ರದ ಕಾವೇರಿ ಮಾನಸಿಕ ಕಾಯಿಲೆಯಿಂದ ಗುಣಮುಖಳಾಗಿ ಮರಳಿದರೂ ಗಂಡನಾಗಲಿ ಸಮಾಜವಾಗಲಿ ಅವಳನ್ನು ಸ್ವೀಕರಿಸುವುದಿಲ್ಲ. ಈ ಎರಡೂ ಪಾತ್ರಗಳನ್ನು ಕಲ್ಪನಾ ನಿರ್ವಹಿಸಿದರು. ‘ನಾಗರಹಾವು’ (1972) ಚಿತ್ರದಲ್ಲಿ ಗುರುಗಳಾದ ಚಾಮಯ್ಯ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ರಾಮಾಚಾರಿಯು ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಅದರ ಫಲವನ್ನು ಅನುಭವಿಸುವವಳು ಅಲಮೇಲು.

ಭಾರತೀಸುತರ ಕಾದಂಬರಿಯನ್ನು ಆಧರಿಸಿದ ‘ಎಡಕಲ್ಲು ಗುಡ್ಡದ ಮೇಲೆ’ (1973) ಚಿತ್ರದ ಹೆಸರಿನಲ್ಲಿರುವ ಗುಡ್ಡವು ಕೇರಳದ ವಯನಾಡಿನಲ್ಲಿದೆ. ಗುಂಡ್ಲುಪೇಟೆಯಿಂದ ಬಂಡೀಪುರ ಕಾಡನ್ನು ಹಾದು ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯು ಆ ಸೀಮೆಯನ್ನು ತಲುಪುತ್ತದೆ. ವಿವಾಹಿತೆಯಾದ ಮಾಧವಿಯು ಯುವಕ ನಂಜುಂಡನತ್ತ ಆಕರ್ಷಿತಳಾಗುವುದು ಇದರ ಕಥಾವಸ್ತು. ಹೆಣ್ಣಿನ ದೈಹಿಕ ಬಯಕೆಯನ್ನು ಮುಚ್ಚಿಡದೆ ಚರ್ಚಿಸಿದ ಮೊದಲ ಕನ್ನಡ ಚಿತ್ರಗಳಲ್ಲಿ ಇದೂ ಒಂದು. ಮಾಧವಿಯ ಪಾತ್ರಕ್ಕಾಗಿ ಜಯಂತಿಯವರಿಗೆ ರಾಜ್ಯ ಪ್ರಶಸ್ತಿ ದೊರೆಯಿತು.

ಜನಪ್ರಿಯ ಚಿತ್ರಗಳು

ನಟ ರಾಜ್‌ಕುಮಾರ್ (1929–2006) ಜನಿಸಿದ ಗಾಜನೂರು ಚಾಮರಾಜನಗರಕ್ಕೆ ಸಮೀಪವಿದ್ದು, ಈಗ ತಮಿಳುನಾಡಿನ ತಾಳವಾಡಿ ಭಾಗದಲ್ಲಿದೆ. ಅವರು ಅಭಿನಯಿಸಿದ ‘ಎರಡು ಕನಸು’ (1974) ವಾಣಿಯವರ ಕಾದಂಬರಿಯನ್ನು ಆಧರಿಸಿದೆ. ಹಳೆಯ ಪ್ರೇಯಸಿಯನ್ನು ಮರೆಯಲಾರದ ಗಂಡನ ಪ್ರೀತಿಗಾಗಿ ಹೆಂಡತಿ ಗೌರಿಯು ತಾಳ್ಮೆಯಿಂದ ಕಾಯುತ್ತಾಳೆ. ಇಲ್ಲಿ ಸಹನೆಯೇ ಸ್ತ್ರೀಯ ಪ್ರೇಮದ ಲಕ್ಷಣವಾಗಿದೆ.

ಟಿ.ಎಸ್. ನಾಗಾಭರಣ ನಿರ್ದೇಶನದ ‘ಜನುಮದ ಜೋಡಿ’ (1996) ಚಿತ್ರಕ್ಕೆ ಪನ್ನಾಲಾಲ್ ಪಟೇಲರ ಗುಜರಾತಿ ಕಾದಂಬರಿ ‘ಮಳೇಲಾ ಜೀವ್’ ಮೂಲ. ಪ್ರೇಮಿಗಳ ನಡುವಿನ ಜಾತಿಯ ಗೋಡೆ ಆ ಕಾದಂಬರಿಯ ತಿರುಳು. ಅದರಲ್ಲಿ ಪ್ರಿಯಕರನೇ ಪ್ರೇಯಸಿಯನ್ನು ಬೇರೊಬ್ಬನಿಗೆ ಮದುವೆ ಮಾಡಿಸುತ್ತಾನೆ. ಯೋಗರಾಜ್ ಭಟ್ ಅವರ ‘ಮುಂಗಾರು ಮಳೆ’ (2006) ಚಿತ್ರದಲ್ಲಿಯೂ ಪ್ರೀತಮ್ ತನ್ನನ್ನು ಪ್ರೀತಿಸುವ ನಂದಿನಿಯನ್ನು ತ್ಯಾಗ ಮಾಡುತ್ತಾನೆ. ಪ್ರೇಕ್ಷಕರ ಅನುಕಂಪ ತ್ಯಾಗಿಯಾದ ನಾಯಕನಿಗೆ ಸಲ್ಲುತ್ತದೆ. ನಂದಿನಿಯ ಇಷ್ಟಕ್ಕೆ ಕಥೆಯಲ್ಲಿ ನಿರ್ಣಾಯಕ ಸ್ಥಾನವಿಲ್ಲ.

ಇತ್ತೀಚಿನ ಬದಲಾವಣೆ

ಮಂಸೋರೆ ನಿರ್ದೇಶನದ ‘ನಾತಿಚರಾಮಿ’ (2018) ವಿಧವೆಯೊಬ್ಬಳ ಬಯಕೆಯನ್ನು ಅವಳ ದೃಷ್ಟಿಯಿಂದಲೇ ನಿರೂಪಿಸಿತು. ಶ್ರುತಿ ಹರಿಹರನ್ ಮುಖ್ಯ ಪಾತ್ರದಲ್ಲಿದ್ದ ಈ ಚಿತ್ರವು ಅತ್ಯುತ್ತಮ ಕನ್ನಡ ಚಿತ್ರಕ್ಕೆ ಮೀಸಲಾದ ರಾಷ್ಟ್ರ ಪ್ರಶಸ್ತಿ ಪಡೆಯಿತು. ರೂಪಾ ರಾವ್ ನಿರ್ದೇಶಿಸಿದ ‘ಗಂಟುಮೂಟೆ’ (2019) ಶಾಲಾ ಬಾಲಕಿ ಮೀರಾಳ ಮೊದಲ ಪ್ರೀತಿಯ ಕಥೆ. ಇದರಲ್ಲಿ ಪ್ರೀತಿಸುವವಳೂ, ಆ ಪ್ರೀತಿಯನ್ನು ನೆನೆದು ಹೇಳುವವಳೂ ಆಕೆಯೇ.