ಹಳೆಯ ಆಂಪ್ಲಿಫೈಯರಿನಲ್ಲಿ ಮುದಿಯಾಗುವ ಧಾರಕಗಳು

ಮೂವತ್ತು ನಲವತ್ತು ವರ್ಷಗಳ ಹಿಂದಿನ ಆಂಪ್ಲಿಫೈಯರೊಂದನ್ನು ದುರಸ್ತಿಗೆ ಒಯ್ದರೆ, ಅದನ್ನು ಬಿಚ್ಚಿ ನೋಡಿದವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: 'ಕಂಡೆನ್ಸರ್ ಹೋಗಿದೆ, ಬದಲಾಯಿಸಬೇಕು.' ಬದಲಾಯಿಸಿದ ಮೇಲೆ ಧ್ವನಿ ಸುಧಾರಿಸುವುದೂ ನಿಜ. ಇದರಿಂದಲೇ ಒಂದು ನಂಬಿಕೆ ಹುಟ್ಟಿಕೊಂಡಿದೆ. ಹೆಚ್ಚು ಬೆಲೆಯ, ಹೆಚ್ಚು ಸಾಮರ್ಥ್ಯದ ಧಾರಕ ಹಾಕಿದಷ್ಟೂ ಸಂಗೀತ ಇಂಪಾಗುತ್ತದೆ ಎಂಬುದು ಆ ನಂಬಿಕೆ. ಅದೇ ಪೆಟ್ಟಿಗೆಯೊಳಗಿನ ತಂತಿ ಸುರುಳಿಗಳು, ಹೆಚ್ಚಿನ ರೋಧಕಗಳು ಅಷ್ಟೇ ವರ್ಷ ಗಟ್ಟಿಯಾಗಿ ಉಳಿದಿರುವಾಗ ಧಾರಕವೇ ಏಕೆ ಮುದಿಯಾಗುತ್ತದೆ? ಇದಕ್ಕೆ ಉತ್ತರ ಅದು ಹುಟ್ಟಿ ಬಂದ ಬಗೆಯಲ್ಲೇ ಇದೆ.

ಎರಡು ವಾಹಕಗಳು, ನಡುವೆ ಒಂದು ಅವಾಹಕ. ಧಾರಕವೆಂದರೆ ಇಷ್ಟೆ. 1745ರಲ್ಲಿ ಪೊಮೆರೇನಿಯಾದ ಎವಾಲ್ಡ್ ಫಾನ್ ಕ್ಲೈಸ್ಟ್, ಮರುವರ್ಷ ಹಾಲೆಂಡಿನ ಲೈಡನ್ ನಗರದ ಮುಸೆನ್‌ಬ್ರೂಕ್ ಬೇರೆಬೇರೆಯಾಗಿ ಕಂಡುಕೊಂಡ 'ಲೈಡನ್ ಜಾಡಿ'ಯಲ್ಲಿ ಅವಾಹಕ ಗಾಜು. ಮಿಂಚಿನಂಥ ಕಿಡಿ ಹಾರಿಸಲು ಅದು ಸಾಕಿತ್ತು. ಆದರೆ ಅದರ ಧಾರಣ ಸಾಮರ್ಥ್ಯ ಸುಮಾರು ಒಂದು ನ್ಯಾನೊಫ್ಯಾರಡ್ ಮಾತ್ರ. ಆಂಪ್ಲಿಫೈಯರಿನಲ್ಲಿ ಇರುವ 1000 ಮೈಕ್ರೊಫ್ಯಾರಡಿನ ಒಂದು ಧಾರಕಕ್ಕೆ ಸಮನಾಗಲು ಅಂಥ ಹತ್ತು ಲಕ್ಷ ಜಾಡಿಗಳು ಬೇಕು!

ವಾಹಕಗಳ ನಡುವಿನ ಅಂತರ ಕಡಿಮೆಯಾದಷ್ಟೂ ಸಾಮರ್ಥ್ಯ ಹೆಚ್ಚುತ್ತದೆ. ಮೇಣದ ಕಾಗದ ಮತ್ತು ಲೋಹದ ಹಾಳೆಗಳನ್ನು ಸುತ್ತಿದ ಧಾರಕಗಳು ಬಂದದ್ದು ಈ ದಾರಿಯಲ್ಲಿ. ಕಾಗದಕ್ಕಿಂತ ತೆಳುವಾದ ಅವಾಹಕವನ್ನು ರಸಾಯನಶಾಸ್ತ್ರ ಒದಗಿಸಿತು. ತಕ್ಕ ದ್ರಾವಣದಲ್ಲಿ ಅಲ್ಯೂಮಿನಿಯಮನ್ನು ಧನ ಧ್ರುವವಾಗಿ ಇಟ್ಟರೆ ಅದರ ಮೇಲೆ ಆಕ್ಸೈಡಿನ ಪೊರೆ ಬೆಳೆದು, ವಿದ್ಯುತ್ತನ್ನು ಒಂದೇ ದಿಕ್ಕಿನಲ್ಲಿ ಹೋಗಗೊಡುತ್ತದೆಂದು 1857ರಲ್ಲಿ ಜರ್ಮನಿಯ ಬುಫ್ ಗಮನಿಸಿದ್ದರು. ಈ ಪೊರೆಯನ್ನು ಧಾರಕವಾಗಿ ಬಳಸುವ ಪೇಟೆಂಟಿಗೆ 1896ರಲ್ಲಿ ಅರ್ಜಿ ಹಾಕಿದವರು ಕರೋಲ್ ಪೊಲಾಕ್. ಪೊರೆಯ ದಪ್ಪ ಒಂದು ವೋಲ್ಟಿಗೆ ಸುಮಾರು 1.4 ನ್ಯಾನೊಮೀಟರ್. ಎಂದರೆ 50 ವೋಲ್ಟಿಗೆ 70 ನ್ಯಾನೊಮೀಟರ್! ಕಾಗದದ ಅವಾಹಕಕ್ಕಿಂತ ನೂರಾರು ಪಟ್ಟು ತೆಳು.

ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಗಮನಿಸದ ಒಂದು ಸಂಗತಿ ಇದೆ. ಈ ಧಾರಕದ ಎರಡನೆಯ 'ಫಲಕ' ಲೋಹವಲ್ಲ, ದ್ರಾವಣವೇ. ಎದುರಿಗಿರುವ ಹಾಳೆ ಆ ದ್ರಾವಣವನ್ನು ತಲಪಲು ಇರುವ ಸಂಪರ್ಕ ಮಾತ್ರ. ಪೊರೆ ಎಲ್ಲಾದರೂ ಹರಿದರೆ ಅದನ್ನು ಮತ್ತೆ ಬೆಳೆಸುವುದೂ ಇದೇ ದ್ರಾವಣ. ಧನ, ಋಣ ಗುರುತುಗಳನ್ನು ಅದಲುಬದಲು ಮಾಡಬಾರದು ಎನ್ನುವುದಕ್ಕೂ ಪೊರೆಯೇ ಕಾರಣ.

1920ರ ದಶಕದಲ್ಲಿ ದ್ರವ ತುಂಬಿದ ಇಂಥ ದೊಡ್ಡ ಡಬ್ಬಿಗಳು ಅಮೆರಿಕದ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ 48 ವೋಲ್ಟ್ ಸರಬರಾಜಿನ ಗದ್ದಲವನ್ನು ತಗ್ಗಿಸುತ್ತಿದ್ದವು. ಮನೆಯ ರೇಡಿಯೊಗೆ ಅವು ಹೊಂದುವಂತಿರಲಿಲ್ಲ, ವಾಲಿದರೆ ಚೆಲ್ಲುತ್ತಿದ್ದವು. 1925ರಲ್ಲಿ ಸ್ಯಾಮ್ಯುಯೆಲ್ ರೂಬೆನ್ ದ್ರವದ ಬದಲು ಸರಿಯಂಥ ವಿದ್ಯುದ್ವಿಭಾಜ್ಯವನ್ನು ಹೀರಿದ ಕಾಗದವನ್ನು ಹಾಳೆಗಳ ನಡುವೆ ಸುತ್ತಿದರು. ಇದಕ್ಕೆ 'ಒಣ' ಧಾರಕವೆಂದು ಹೆಸರಾಯಿತು. ಹೆಸರಿಗೆ ಮಾತ್ರ ಒಣ, ಒಳಗೆ ಹಸಿ! ಆ ಹಸಿ ಆರಿಹೋಗುವುದೇ ನಮ್ಮ ಆಂಪ್ಲಿಫೈಯರಿನ ಕಾಯಿಲೆ.

ಡಬ್ಬಿಯ ರಬ್ಬರ್ ಮುಚ್ಚಳದ ಮೂಲಕ ದ್ರಾವಣ ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಆವಿಯಾಗುತ್ತದೆ. ಶಾಖ 10 ಡಿಗ್ರಿ ಸೆಲ್ಸಿಯಸ್ ಹೆಚ್ಚಿದರೆ ಆಯುಸ್ಸು ಅರ್ಧವಾಗುತ್ತದೆ ಎಂಬುದು ತಂತ್ರಜ್ಞರ ಸ್ಥೂಲ ಲೆಕ್ಕ. ಸಾಮರ್ಥ್ಯ ಕುಗ್ಗುತ್ತದೆ, ಒಳರೋಧ ಏರುತ್ತದೆ. ಇದರಿಂದ ಧ್ವನಿಗೆ ಆಗುವ ನಷ್ಟವನ್ನು ತರಗತಿಯಲ್ಲೇ ಲೆಕ್ಕ ಹಾಕಬಹುದು. ಹಳೆಯ ಅನೇಕ ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳಲ್ಲಿ 8 ಓಮ್ ಸ್ಪೀಕರಿಗೆ ಧ್ವನಿ ತಲಪುವುದು ಒಂದು ಧಾರಕದ ಮೂಲಕ. ಯಾವ ಆವೃತ್ತಿಯಲ್ಲಿ ಶಕ್ತಿ ಅರ್ಧಕ್ಕೆ ಇಳಿಯುತ್ತದೆ ಎಂಬುದನ್ನು 1 ÷ (2πRC) ಹೇಳುತ್ತದೆ. C 1000 ಮೈಕ್ರೊಫ್ಯಾರಡ್ ಇದ್ದಾಗ ಅದು 20 ಹರ್ಟ್ಸ್. ಒಣಗಿ 200ಕ್ಕೆ ಇಳಿದಾಗ 100 ಹರ್ಟ್ಸ್! ಮೃದಂಗದ ಎಡಭಾಗದ ತುಂಬುನಾದ ಸೊರಗುವುದು ಹೀಗೆ. ಸರಬರಾಜಿನ ಧಾರಕ ಸೊರಗಿದರಂತೂ 50 ಹರ್ಟ್ಸ್ ಏಸಿಯ ಎರಡೂ ಅರ್ಧಗಳಿಂದ ಹುಟ್ಟುವ 100 ಹರ್ಟ್ಸಿನ 'ಗುಂಯ್' ಮೊರೆತ ಸಂಗೀತದ ಜೊತೆ ಸೇರಿಕೊಳ್ಳುತ್ತದೆ.

ವಾಲ್ವ್ ಆಂಪ್ಲಿಫೈಯರಿನ ಕಥೆ ಸ್ವಲ್ಪ ಬೇರೆ. ಅಲ್ಲಿ ಮೇಣದ ಕಾಗದದ ಧಾರಕ ತೇವ ಹೀರಿಕೊಂಡು ಸೋರುತ್ತದೆ. ಮೊದಲ ವಾಲ್ವಿನ ಆನೋಡಿನಲ್ಲಿ 150 ವೋಲ್ಟ್ ಇದೆ, ಮುಂದಿನ ಇಎಲ್84 ವಾಲ್ವಿನ ಗ್ರಿಡ್ಡಿಗೆ 1 ಮೆಗಾಓಮ್ ರೋಧಕವಿದೆ ಎನ್ನೋಣ. ನಡುವಿನ ಧಾರಕದ ಸೋರು ರೋಧ 20 ಮೆಗಾಓಮ್ ಆದರೆ ಗ್ರಿಡ್ಡಿಗೆ ಸುಮಾರು 7 ವೋಲ್ಟ್ ಧನ ವಿಭವ ಬರುತ್ತದೆ. 250 ವೋಲ್ಟ್ ಆನೋಡಿನಲ್ಲಿ ಆ ವಾಲ್ವ್ ನೆಮ್ಮದಿಯಿಂದಿರಲು ಬೇಕಾದ ಋಣ ವಿಭವವೂ ಹೆಚ್ಚುಕಡಿಮೆ ಅಷ್ಟೆ! ಧ್ವನಿ ಒಡೆಯುತ್ತದೆ, ವಾಲ್ವ್ ಮಿತಿಮೀರಿ ಕಾಯುತ್ತದೆ. ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್ ಹಾಳೆಯ ಧಾರಕಗಳು ಹೀಗೆ ತೇವ ಹೀರುವುದಿಲ್ಲ. ಇಲ್ಲಿ ಅವನ್ನು ಹಾಕುವುದು ನಿಜವಾದ ಸುಧಾರಣೆಯೇ.

ದುರಸ್ತಿ ಶೋಕಿಯಾಗಿ ಬೆಳೆದದ್ದು ಆಮೇಲೆ. 1980ರಲ್ಲಿ ಅಮೆರಿಕದ 'ಆಡಿಯೊ' ಪತ್ರಿಕೆಯಲ್ಲಿ ವಾಲ್ಟ್ ಜಂಗ್ ಮತ್ತು ರಿಚರ್ಡ್ ಮಾರ್ಷ್ ಧಾರಕಗಳ ಆಯ್ಕೆಯ ಬಗ್ಗೆ ಎರಡು ಕಂತುಗಳಲ್ಲಿ ಬರೆದರು. ಕೆಲವು ಜಾತಿಯ ಸೆರಾಮಿಕ್ ಧಾರಕಗಳ ಸಾಮರ್ಥ್ಯ ವೋಲ್ಟೇಜಿನೊಂದಿಗೆ ಬದಲಾಗುತ್ತದೆ, ಅದರಿಂದ ಧ್ವನಿ ವಿಕಾರಗೊಳ್ಳುತ್ತದೆ ಎಂಬುದು ಅಳೆದು ತೋರಿಸಬಹುದಾದ ಸಂಗತಿ. ಆದರೆ ಎರಡು ಒಳ್ಳೆಯ ಪಾಲಿಪ್ರೊಪಿಲೀನ್ ಧಾರಕಗಳಲ್ಲಿ ಒಂದು ಹತ್ತು ಪಟ್ಟು ದುಬಾರಿಯಾದ ಮಾತ್ರಕ್ಕೆ ಹತ್ತು ಪಟ್ಟು ಇಂಪು ಎಂಬುದನ್ನು, ಯಾವುದು ಯಾವುದೆಂದು ತಿಳಿಸದೆ ಕೇಳಿಸಿ ಪರೀಕ್ಷಿಸದ ಹೊರತು ನಾನಂತೂ ಒಪ್ಪಲಾರೆ.

ಸಾಮರ್ಥ್ಯ ಹೆಚ್ಚಿಸುವುದರಲ್ಲೂ ಎಚ್ಚರ ಬೇಕು. ಧಾರಕ ದೊಡ್ಡದಾದಷ್ಟೂ ಅದನ್ನು ತುಂಬಿಸುವ ವಿದ್ಯುತ್ತಿನ ಹೊಡೆತ ಜೋರು. ಜಿಝಡ್34 ರೆಕ್ಟಿಫೈಯರ್ ವಾಲ್ವಿನ ಮುಂದೆ ಮೊದಲ ಧಾರಕ 60 ಮೈಕ್ರೊಫ್ಯಾರಡ್ ಮೀರಬಾರದೆಂದು ತಯಾರಕರೇ ಹೇಳಿದ್ದರು. ವೋಲ್ಟ್ ಮಿತಿ ಮೊದಲಿನಷ್ಟೋ ಹೆಚ್ಚೋ ಇರಲಿ, ಸಾಮರ್ಥ್ಯ ಮೂಲ ಬೆಲೆಯ ಹತ್ತಿರವೇ ಇರಲಿ. ಹೊಸದೆಲ್ಲ ಒಳ್ಳೆಯದೆಂದೂ ಅಲ್ಲ: 2000ದ ದಶಕದ ಮೊದಲ ವರ್ಷಗಳಲ್ಲಿ ಸರಿಯಾದ ರಕ್ಷಕ ರಾಸಾಯನಿಕಗಳಿಲ್ಲದ, ನೀರು ಹೆಚ್ಚಿದ್ದ ದ್ರಾವಣದಿಂದ ಹೈಡ್ರೊಜನ್ ಹುಟ್ಟಿ ಲೆಕ್ಕವಿಲ್ಲದಷ್ಟು ಕಂಪ್ಯೂಟರುಗಳ ಧಾರಕಗಳು ಉಬ್ಬಿ ಒಡೆದಿದ್ದವು.

ಶಾಲೆಯ ಹಳೆಯ ಆಂಪ್ಲಿಫೈಯರನ್ನು ವಿದ್ಯಾರ್ಥಿಗಳೆದುರು ಬಿಚ್ಚುವ ಶಿಕ್ಷಕರಿಗೆ ಇನ್ನೊಂದು ಮಾತು. ಪ್ಲಗ್ ಕಿತ್ತ ಮೇಲೂ ವಾಲ್ವ್ ಆಂಪ್ಲಿಫೈಯರಿನ ಧಾರಕದಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು; ಅದು ಪ್ರಾಣಕ್ಕೇ ಅಪಾಯ. ಒಮ್ಮೆ ಖಾಲಿ ಮಾಡಿದರೂ ಸಾಲದು. ಲೈಡನ್ ಜಾಡಿಯನ್ನು ಖಾಲಿ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಕಿಡಿ ಹಾರುವುದುಂಟು. ಗಾಜಿನೊಳಗೆ ಉಳಿದ ಈ ಆವೇಶವನ್ನು 1854ರಲ್ಲಿ ಕೋಲ್‌ರೌಷ್ ಅಳೆದು ಅಭ್ಯಸಿಸಿದ್ದರು. ಅಲ್ಯೂಮಿನಿಯಮ್ ಧಾರಕಗಳಲ್ಲೂ ಇದು ಹೀಗೆಯೇ ಮರಳಿ ಬರುತ್ತದೆ. ಆದ್ದರಿಂದ ಕೆಲವು ಸಾವಿರ ಓಮಿನ, ಸಾಕಷ್ಟು ವಾಟಿನ ರೋಧಕವನ್ನು ಅವಾಹಕ ಹಿಡಿಯ ಕ್ಲಿಪ್ಪುಗಳಿಂದ ಧಾರಕಕ್ಕೆ ಜೋಡಿಸಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೂ ಕೆಲಸ ಮುಗಿಯುವವರೆಗೆ ಅದನ್ನು ಹಾಗೆಯೇ ಬಿಟ್ಟಿರಬೇಕು.