ಜೂನ್ ಒಂದರಂದು ಹುಟ್ಟಿದವರು

ಹಿಂದೆ ನಮ್ಮ ಹಳ್ಳಿಗಳಲ್ಲಿ ಹುಡುಗ ನೇಗಿಲ ಮೇಣಿ ಹಿಡಿದರೆ ದೊಡ್ಡವ, ಹುಡುಗಿ ಮೈನೆರೆದರೆ ದೊಡ್ಡವಳು. ವರ್ಷ ಎಣಿಸುತ್ತಿದ್ದವರು ಕಡಿಮೆ. ಎಣಿಸತೊಡಗಿದ್ದು ಸರ್ಕಾರ. ಮೈಸೂರು ಸಂಸ್ಥಾನವು 1894ರಲ್ಲೇ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತು. 1929ರ ಶಾರದಾ ಕಾಯ್ದೆ ಹುಡುಗಿಗೆ 14, ಹುಡುಗನಿಗೆ 18 ಎಂದಿತು. 1978ರಲ್ಲಿ ಅದು 18 ಮತ್ತು 21 ಆಯಿತು. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ. ಹೀಗಾಗಿ ಹದಿನೆಂಟರ ಹುಡುಗ ಸರ್ಕಾರವನ್ನೇ ಆರಿಸಬಹುದು, ಮದುವೆಗೆ ಮಾತ್ರ ಇನ್ನೂ ಮೂರು ವರ್ಷ ಕಾಯಬೇಕು!

ಆದರೆ ವಯಸ್ಸಿಗೆ ಪುರಾವೆ ಎಲ್ಲಿ? ಜನನ ನೋಂದಣಿಗೆ 1969ರ ಕಾಯ್ದೆ ಬಂದ ಮೇಲೂ ಹಳ್ಳಿಗಳಲ್ಲಿ ಬರೆಸುತ್ತಿದ್ದವರು ವಿರಳ. "ಆ ದೊಡ್ಡ ಮಳೆ ಬಂದ ವರ್ಷ ಹುಟ್ಟಿದ್ದು ಮೇಷ್ಟ್ರೇ" ಎಂದು ತಂದೆ ಹೇಳಿದರೆ, ಮೇಷ್ಟ್ರು ಬೆರಳು ಮಡಚಿ ಲೆಕ್ಕ ಹಾಕಿ ದಾಖಲಾತಿ ಪುಸ್ತಕದಲ್ಲಿ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಈ ಸಂಚಿಕೆ ಓದುತ್ತಿರುವ ಹಿರಿಯ ವಿದ್ಯಾರ್ಥಿಗಳಲ್ಲೂ ಆ ದಿನ 'ಹುಟ್ಟಿದವರು' ಇದ್ದೇ ಇರುತ್ತಾರೆ. ಅದೇ ದಿನಾಂಕ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗಿ ಕೆಲಸಕ್ಕೂ ನಿವೃತ್ತಿಗೂ ಆಧಾರವಾಯಿತು.

ಹೆಣ್ಣುಮಕ್ಕಳಿಗಂತೂ ಅದರ ಬೆಲೆ ಇನ್ನೂ ಹೆಚ್ಚು. ಬಾಲ್ಯವಿವಾಹದ ದೂರು ಬಂದಾಗ ಅಧಿಕಾರಿಗಳು ಕೇಳುವುದು ಶಾಲೆಯ ದಾಖಲೆಯನ್ನೇ. ಮೇಷ್ಟ್ರು ಅಂದಾಜಿನಿಂದ ಬರೆದ ಆ ಒಂದು ಸಾಲು ಚಪ್ಪರ ಹಾಕಿದ ಮನೆಯಿಂದ ಹುಡುಗಿಯನ್ನು ಮರಳಿ ತರಗತಿಗೆ ಕಳುಹಿಸಬಲ್ಲದು.