ಸಮುದಾಯ ಪೊಲೀಸ್ ಅನುದಾನ: ಅಮೆರಿಕದಲ್ಲಿ ಲೆಕ್ಕ ಕೇಳುವ ಕ್ರಮ ಬೆಳೆದ ಬಗೆ

ಅಮೆರಿಕದಲ್ಲಿ ಪೊಲೀಸರ ಸಂಬಳ ಸಾರಿಗೆಯನ್ನು ಬಹುಪಾಲು ನಗರ ಮತ್ತು ಕೌಂಟಿ ಆಡಳಿತಗಳೇ ಹೊರುತ್ತವೆ. ರಾಜ್ಯ ಮತ್ತು ಒಕ್ಕೂಟ ಸರ್ಕಾರಗಳು ಇದಕ್ಕೆ ಅನುದಾನ ಕೊಡತೊಡಗಿದ ಮೇಲೆ ಆ ಹಣದ ಉತ್ತರದಾಯಿತ್ವದ ಪ್ರಶ್ನೆ ಎದ್ದಿತು.

1968ರ ಅಪರಾಧ ನಿಯಂತ್ರಣ ಕಾಯ್ದೆಯಡಿ ಹುಟ್ಟಿದ ಎಲ್‌ಇಎಎ ಸಂಸ್ಥೆ ರಾಜ್ಯಗಳಿಗೆ ಇಡಿಗಂಟಾಗಿ ಹಣ ನೀಡುತ್ತಿತ್ತು. ಬಹಳಷ್ಟು ದುಡ್ಡು ಉಪಕರಣ ಖರೀದಿಗೆ ಹೋಯಿತೆಂಬ ಟೀಕೆ ಬಂತು. 1982ರಲ್ಲಿ ಸಂಸ್ಥೆ ಮುಚ್ಚಿತು. ಈ ನಡುವೆ ನ್ಯೂಜೆರ್ಸಿ ರಾಜ್ಯವು 28 ನಗರಗಳಿಗಾಗಿ ರೂಪಿಸಿದ ಯೋಜನೆಯಲ್ಲಿ ಕಾಲ್ನಡಿಗೆ ಗಸ್ತಿಗೆ ಹಣ ಕೊಟ್ಟಿತು. ನ್ಯೂಆರ್ಕ್‌ನಲ್ಲಿ ಅದನ್ನು ಪರೀಕ್ಷಿಸಿದ ಪೊಲೀಸ್ ಫೌಂಡೇಶನ್ 1981ರಲ್ಲಿ ವರದಿ ಪ್ರಕಟಿಸಿತು: ಗಸ್ತಿನಿಂದ ಅಪರಾಧ ಇಳಿಯಲಿಲ್ಲ, ಆದರೆ ನಿವಾಸಿಗಳ ಭಯ ಕಡಿಮೆಯಾಯಿತು. ಯೋಜನೆಯ ಫಲವನ್ನು ಯಾವುದರಿಂದ ಅಳೆಯಬೇಕೆಂಬ ಚರ್ಚೆಗೆ ಇದು ದಾರಿಯಾಯಿತು.

1994ರ ಅಪರಾಧ ನಿಯಂತ್ರಣ ಕಾಯ್ದೆ ಆರು ವರ್ಷಗಳಿಗೆ 880 ಕೋಟಿ ಡಾಲರ್ ಒದಗಿಸಲು ಅನುಮತಿಸಿ, 1 ಲಕ್ಷ ಹೆಚ್ಚುವರಿ ಪೊಲೀಸರ ಗುರಿ ಇಟ್ಟಿತು. ನಿರ್ವಹಣೆಗೆ ನ್ಯಾಯ ಇಲಾಖೆಯಲ್ಲಿ ‘ಕಾಪ್ಸ್’ (ಸಮುದಾಯ ಕೇಂದ್ರಿತ ಪೊಲೀಸ್ ಸೇವೆಗಳ) ಕಚೇರಿ ತೆರೆಯಿತು. ಆಗ ನೇಮಕಾತಿ ಅನುದಾನ ಸಾಮಾನ್ಯವಾಗಿ ವೆಚ್ಚದ ಶೇ 75ರಷ್ಟಿತ್ತು. ಒಬ್ಬ ಅಧಿಕಾರಿಗೆ ಮೂರು ವರ್ಷಕ್ಕೆ ಗರಿಷ್ಠ 75,000 ಡಾಲರ್ ಸಿಗುತ್ತಿತ್ತು. ಅನುದಾನ ಮುಗಿದ ಮೇಲೂ ಹುದ್ದೆ ಉಳಿಸಿಕೊಳ್ಳಬೇಕು, ಸ್ಥಳೀಯ ಬಜೆಟ್ಟಿನ ಬದಲಿಗೆ ಈ ಹಣ ಬಳಸಬಾರದು ಎಂಬುವು ಮುಖ್ಯ ಷರತ್ತುಗಳು. ಹತ್ತು ಪೊಲೀಸರಿದ್ದ ಊರಿಗೆ ಇಬ್ಬರ ಸಂಬಳ ಬಂದರೆ ಹನ್ನೆರಡು ಮಂದಿ ಇರಬೇಕು. ಊರು ತನ್ನ ಬಜೆಟ್ಟಿನಲ್ಲಿ ಎರಡು ಹುದ್ದೆ ಕಡಿತ ಮಾಡಿದರೆ ಸಂಖ್ಯೆ ಹತ್ತಕ್ಕೇ ನಿಲ್ಲುತ್ತದೆ, ಉಳಿತಾಯ ಬೇರೆ ಬಾಬತ್ತಿಗೆ ಹೋಗುತ್ತದೆ. ರಶೀದಿಗಳೆಲ್ಲ ಸರಿಯಿದ್ದರೂ ಉದ್ದೇಶ ಈಡೇರಿರುವುದಿಲ್ಲ.

ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 149 ಕಾಪ್ಸ್ ಅನುದಾನಗಳ ಲೆಕ್ಕಪರಿಶೋಧನೆಯನ್ನು 1999ರಲ್ಲಿ ಕ್ರೋಡೀಕರಿಸಿದಾಗ, ಸುಮಾರು ಶೇ 41ರಷ್ಟು ಕಡೆ ಇಂಥ ಬದಲಿ ಬಳಕೆಯ ಸೂಚನೆ ಕಂಡಿತು. ಕಾಪ್ಸ್‌ನಿಂದ ತಂತ್ರಜ್ಞಾನಕ್ಕೆಂದು ಹಣ ಪಡೆದ ಹಲವು ಠಾಣೆಗಳು ಅದರಿಂದ ಉಳಿದ ಸಮಯವನ್ನು ಗಸ್ತಿಗೆ ಬಳಸಿದ್ದಕ್ಕೆ ದಾಖಲೆ ಕೊಡಲಾಗಲಿಲ್ಲ. ಆದರೆ ಪರಿಶೋಧನೆಗೆ ಠಾಣೆಗಳನ್ನು ಯಾದೃಚ್ಛಿಕವಾಗಿ ಆರಿಸಿರಲಿಲ್ಲವಾದ್ದರಿಂದ ಈ ಪ್ರಮಾಣವನ್ನು ಇಡೀ ದೇಶಕ್ಕೆ ಅನ್ವಯಿಸಲಾಗದು.

ಮುಂದೆ ಲೆಕ್ಕದ ಜೊತೆಗೆ ಪರಿಣಾಮವೂ ಪರಿಶೀಲನೆಗೆ ಬಂತು. ಸಂಸತ್ತಿನ ಪರಿಶೋಧನಾ ಸಂಸ್ಥೆ ಜಿಎಒ 2005ರಲ್ಲಿ, 1993ರಿಂದ 2000ದವರೆಗೆ ಅಪರಾಧ ದರ ಶೇ 26ರಷ್ಟು ಇಳಿದದ್ದರಲ್ಲಿ ಕಾಪ್ಸ್ ಹಣದ ಪಾಲು ಸುಮಾರು ಶೇ 5 ಎಂದು ಅಂದಾಜಿಸಿತು. 2009ರಲ್ಲಿ ಆರ್ಥಿಕ ಚೇತರಿಕೆಗಾಗಿ ಪೊಲೀಸ್ ನೇಮಕಾತಿಗೆ 100 ಕೋಟಿ ಡಾಲರ್ ಕೊಟ್ಟಾಗ ಸ್ಥಳೀಯ ಪಾಲನ್ನು ಕೈಬಿಟ್ಟರೂ, ಅವಧಿ ಮುಗಿದ ಬಳಿಕ ಹನ್ನೆರಡು ತಿಂಗಳು ಹುದ್ದೆ ಉಳಿಸುವ ಷರತ್ತು ಇತ್ತು.

ಜನರ ವಿಶ್ವಾಸವೇ ಸಮುದಾಯ ಪೊಲೀಸ್ ವ್ಯವಸ್ಥೆಯ ಮೂಲ ಗುರಿಯಾದರೂ ಷರತ್ತುಗಳ ಗಮನ ಹೆಚ್ಚಾಗಿ ಹುದ್ದೆ ಎಣಿಕೆಯ ಮೇಲಿತ್ತು. 2015ರಲ್ಲಿ ಪೊಲೀಸ್ ವ್ಯವಸ್ಥೆ ಕುರಿತು ಅಧ್ಯಕ್ಷರು ನೇಮಿಸಿದ ಕಾರ್ಯಪಡೆ ಪೊಲೀಸರ ಮೇಲಿನ ವಿಶ್ವಾಸವನ್ನು ಸಮೀಕ್ಷೆಗಳ ಮೂಲಕ ನಿಯತವಾಗಿ ಅಳೆಯಲು ಶಿಫಾರಸು ಮಾಡಿತು.